ಹಳೆ ಟ್ರಕ್ಕಿಗೆ ಯಾವ ಫ್ಯಾನ್? ನಾಲ್ಕನ್ನೂ ಹಾಕಿ ನೋಡಿದ್ದೇನೆ

ಹಳೆ ಪಿಕಪ್ ಟ್ರಕ್ ಹೀಟ್ ಆಗುತ್ತಿದೆ ಅಂದರೆ ಸಾಕು, ಹತ್ತರಲ್ಲಿ ಎಂಟು ಜನ ರೇಡಿಯೇಟರಿಗೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸು ಅನ್ನುತ್ತಾರೆ. ನನ್ನದು 1960ರ ದಶಕದ ಗಾಡಿ, ಕಾರ್ಬ್ಯುರೇಟರ್ ಇರುವ ವಿ-8 ಎಂಜಿನ್. ಅದಕ್ಕೆ ಮಾಮೂಲಿ ಕಬ್ಬಿಣದ ಫ್ಯಾನ್, ಫ್ಲೆಕ್ಸ್ ಫ್ಯಾನ್, ಥರ್ಮಲ್ ಕ್ಲಚ್ ಫ್ಯಾನ್, ಎಲೆಕ್ಟ್ರಿಕ್ ಫ್ಯಾನ್ ಎಲ್ಲವನ್ನೂ ಹಾಕಿ ಓಡಿಸಿದ್ದೇನೆ. ಈಗ ಅದರಲ್ಲಿ ಉಳಿದಿರುವುದು ಕ್ಲಚ್ ಫ್ಯಾನ್.

ಫ್ಯಾನ್ ಕೊಳ್ಳುವ ಮೊದಲು ಗಾಡಿ ಯಾವಾಗ ಹೀಟ್ ಆಗುತ್ತದೆ ಅಂತ ನೋಡಿ. ನಿಂತಾಗ, ಟ್ರಾಫಿಕ್‌ನಲ್ಲಿ ತೆವಳುವಾಗ ಗೇಜಿನ ಮುಳ್ಳು ಏರಿ, ಗಾಡಿ ಓಡಿದ ಕೂಡಲೇ ಇಳಿದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಹೈವೇಯಲ್ಲಿ ಓಡುವಾಗಲೇ ಏರುತ್ತಿದ್ದರೆ ಫ್ಯಾನ್ ಬದಲಿಸಿ ಉಪಯೋಗವಿಲ್ಲ. ಗಂಟೆಗೆ 60 ಕಿಲೋಮೀಟರ್ ದಾಟಿದ ಮೇಲೆ ಎದುರು ಗಾಳಿಯೇ ಹೆಚ್ಚಿನ ಕೆಲಸ ಮಾಡುತ್ತದೆ, ಫ್ಯಾನ್ ಇದ್ದರೂ ಇಲ್ಲದಿದ್ದರೂ ಅಷ್ಟೇ. ಆಗ ನೋಡಬೇಕಾದ್ದು ಒಳಗೆ ಕಟ್ಟಿಕೊಂಡ ರೇಡಿಯೇಟರ್, ವೇಗದಲ್ಲಿ ಚಪ್ಪಟೆಯಾಗುವ ಕೆಳಗಿನ ಹೋಸ್ ಪೈಪ್, ಇಗ್ನಿಷನ್ ಟೈಮಿಂಗ್.

ಶ್ರೌಡ್, ಅಂದರೆ ರೇಡಿಯೇಟರಿನಿಂದ ಫ್ಯಾನಿನ ಸುತ್ತ ಬರುವ ಕವಚ, ಇಲ್ಲದೆ ಯಾವ ಫ್ಯಾನನ್ನೂ ಬೈಯಬೇಡಿ. ಎಷ್ಟೋ ಹಳೆ ಟ್ರಕ್‌ಗಳಲ್ಲಿ ಅದು ಯಾವಾಗಲೋ ಮುರಿದು ಹೋಗಿರುತ್ತದೆ, ಯಾರೂ ವಾಪಸ್ ಹಾಕಿರುವುದಿಲ್ಲ. ಶ್ರೌಡ್ ಇಲ್ಲದಿದ್ದರೆ ಫ್ಯಾನ್ ತನ್ನ ಎದುರಿಗಿರುವ ವೃತ್ತದಿಂದಷ್ಟೇ ಗಾಳಿ ಎಳೆಯುತ್ತದೆ, ಉಳಿದದ್ದು ಪಕ್ಕದಿಂದ ಸುತ್ತಿಬರುವ ಎಂಜಿನ್ನಿನ ಬಿಸಿ ಗಾಳಿ. ರೇಡಿಯೇಟರಿನ ನಾಲ್ಕು ಮೂಲೆಗಳು ಸುಮ್ನೆ ಇರುತ್ತವೆ. ರೆಕ್ಕೆಗಳ ಅರ್ಧ ಭಾಗ ಶ್ರೌಡ್ ಒಳಗೆ, ಅರ್ಧ ಹೊರಗೆ ಇರಬೇಕು. ರೆಕ್ಕೆಯ ತುದಿಗೂ ಶ್ರೌಡಿಗೂ ಒಂದಿಂಚಿನ ಒಳಗೆ ಸಂದು ಸಾಕು, ಆದರೆ ತೀರಾ ಕಡಿಮೆ ಮಾಡಬೇಡಿ, ಯಾಕಂದರೆ ಎಂಜಿನ್ ತನ್ನ ಮೌಂಟ್ ಮೇಲೆ ಅಲುಗಾಡುತ್ತದೆ, ರೇಡಿಯೇಟರ್ ಅಲುಗಾಡುವುದಿಲ್ಲ.

ಮಾಮೂಲಿ ನಾಲ್ಕು ರೆಕ್ಕೆಯ ಕಬ್ಬಿಣದ ಫ್ಯಾನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಲ್ಲಿ ಕೆಡುವಂಥದ್ದು ಏನೂ ಇಲ್ಲ. ಎಂಜಿನ್ ಬೆಲ್ಟ್ ತಿರುಗಿಸುವ ಪುಲ್ಲಿ ಎಷ್ಟು ತಿರುಗಿದರೆ ಅದೂ ಅಷ್ಟೇ ತಿರುಗುತ್ತದೆ, ಅದೇ ಅದರ ತೊಂದರೆ ಕೂಡ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಗಾಳಿ ಬೇಕಾದಾಗ ನಿಧಾನ, ಹೈವೇಯಲ್ಲಿ ಬೇಡವಾದಾಗ ಜೋರು. ಫ್ಯಾನಿನ ವೇಗ ಎರಡು ಪಟ್ಟಾದರೆ ಅದನ್ನು ತಿರುಗಿಸಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಅದೆಲ್ಲ ನಿಮ್ಮ ಪೆಟ್ರೋಲ್. ಆದರೂ ಶ್ರೌಡ್ ಹಾಕಿದ ಮೇಲೆ ಅದೇ ಫ್ಯಾನ್ ನನ್ನ ಗಾಡಿಯನ್ನು ಸುಮಾರಾಗಿ ತಣ್ಣಗಿಟ್ಟಿತ್ತು. ಏಸಿ ಇಲ್ಲದ, ನಿಧಾನಕ್ಕೆ ಓಡುವ ಗಾಡಿಗೆ ಅದನ್ನೇ ಬಿಟ್ಟರೂ ತಪ್ಪಿಲ್ಲ.

ಫ್ಲೆಕ್ಸ್ ಫ್ಯಾನ್ ನನಗೆ ಹಿಡಿಸಲಿಲ್ಲ. ತೆಳ್ಳಗಿನ ರೆಕ್ಕೆಗಳು ವೇಗ ಏರಿದಂತೆ ಚಪ್ಪಟೆಯಾಗಿ ಎಂಜಿನ್ ಮೇಲಿನ ಹೊರೆ ಇಳಿಸುತ್ತವೆ ಅನ್ನುವುದು ಲೆಕ್ಕ. ಐಡಲ್‌ನಲ್ಲಿ ಗಾಳಿ ಚೆನ್ನಾಗೇ ಬಂತು, ಸುಳ್ಳು ಹೇಳಬಾರದು. ಆದರೆ ಎರಡು ಸಾವಿರ ಆರ್‌ಪಿಎಂ ದಾಟಿದರೆ ಬಾನೆಟ್ ಕೆಳಗೆ ಹಿಟ್ಟಿನ ಗಿರಣಿ ಇಟ್ಟ ಹಾಗೆ ಸದ್ದು. ಅದನ್ನೂ ಸಹಿಸಬಹುದಿತ್ತು. ಬಾಗಿ ಬಾಗಿ ಲೋಹ ದಣಿಯುತ್ತದೆ, ರಿವೆಟ್ ಹತ್ತಿರ ಬಿರುಕು ಬಿಡುತ್ತದೆ, ರೆಕ್ಕೆ ಕಿತ್ತು ಬಂದರೆ ಬಾನೆಟ್ಟನ್ನೇ ಸೀಳಿಕೊಂಡು ಹೋಗುತ್ತದೆ. ನಿಮ್ಮ ಗಾಡಿಯಲ್ಲಿ ಇದೇ ಇದ್ದರೆ ಟಾರ್ಚ್ ಹಿಡಿದು ಒಂದೊಂದು ರಿವೆಟ್ಟಿನ ಸುತ್ತ ನೋಡಿ. ಕೂದಲೆಳೆಯಷ್ಟು ತೆಳ್ಳಗಿನ ಗೆರೆ ಕಂಡರೂ ಅವತ್ತೇ ಬಿಚ್ಚಿ. ಎಂಜಿನ್ ರೇಸ್ ಮಾಡುವಾಗ ಯಾವ ಫ್ಯಾನಿನ ಪಕ್ಕದಲ್ಲೂ, ರೆಕ್ಕೆ ಹಾರಬಹುದಾದ ನೇರಕ್ಕೆ ನಿಲ್ಲಬೇಡಿ.

ಇನ್ನು ಕ್ಲಚ್ ಫ್ಯಾನ್. ಮುಂದುಗಡೆ ಗಡಿಯಾರದ ಸ್ಪ್ರಿಂಗ್‌ನಂತೆ ಸುತ್ತಿದ ಒಂದು ಪಟ್ಟಿ ಇರುತ್ತದೆ ನೋಡಿ, ಅದೇ ಇದರ ತಲೆ. ಎರಡು ಲೋಹ ಸೇರಿಸಿ ಮಾಡಿದ್ದು. ರೇಡಿಯೇಟರ್ ದಾಟಿ ಬಂದ ಗಾಳಿ ಬಿಸಿಯಾದರೆ ಅದು ಬಿಚ್ಚಿಕೊಂಡು ಒಳಗಿನ ವಾಲ್ವ್ ತೆರೆಯುತ್ತದೆ. ಸಿಲಿಕೋನ್ ಎಣ್ಣೆ ತೋಡುಗಳಿರುವ ಎರಡು ತಟ್ಟೆಗಳ ನಡುವೆ ಬಂದು ಫ್ಯಾನನ್ನು ಎಳೆದುಕೊಳ್ಳುತ್ತದೆ. ಗಾಳಿ ತಣ್ಣಗಾದರೆ ಎಣ್ಣೆ ವಾಪಸ್, ಫ್ಯಾನ್ ನಿಧಾನ. ಪೂರ್ತಿ ಹಿಡಿದಾಗಲೂ ಪುಲ್ಲಿಯಷ್ಟು ವೇಗ ಬರುವುದಿಲ್ಲ: ಸಾಮಾನ್ಯ ಥರ್ಮಲ್ ಕ್ಲಚ್‌ನಲ್ಲಿ ಸುಮಾರು 60–70%, ಹೆವಿ ಡ್ಯೂಟಿಯಲ್ಲಿ 80–90% ವರೆಗೂ. ನಾನು ಹಾಕಿರುವುದು ಹೆವಿ ಡ್ಯೂಟಿ.

ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ಭರ್ರೋ ಅಂತ ಗರ್ಜಿಸುತ್ತದೆ, ಆಮೇಲೆ ತಾನಾಗಿ ಸುಮ್ಮನಾಗುತ್ತದೆ. ಹೊಸಬರು ಹೆದರುತ್ತಾರೆ. ರಾತ್ರಿಯೆಲ್ಲ ನಿಂತಾಗ ತಟ್ಟೆಗಳ ನಡುವೆ ಇಳಿದ ಎಣ್ಣೆ ವಾಪಸ್ ಹೋಗುವವರೆಗೆ ಆ ಸದ್ದು ಇರುತ್ತದೆ, ಅಷ್ಟೇ. ಆಮೇಲೆ ಟ್ರಾಫಿಕ್‌ನಲ್ಲಿ ಮುಳ್ಳು ಸ್ವಲ್ಪ ಏರುತ್ತದೆ, ಸದ್ದು ಗಟ್ಟಿಯಾಗುತ್ತದೆ, ಮುಳ್ಳು ಇಳಿಯುತ್ತದೆ. ವೈರ್ ಇಲ್ಲ, ಸ್ವಿಚ್ ಇಲ್ಲ. ಹಳೆ ಕ್ಲಚ್ ಇದ್ದರೆ ಎಂಜಿನ್ ಬಿಸಿಯಿದ್ದಾಗ ಆಫ್ ಮಾಡಿ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿಯೇ ಇಲ್ಲದೆ ಸುಲಭವಾಗಿ ಸುತ್ತುತ್ತಾ ಹೋದರೆ ಕಥೆ ಮುಗಿದಿದೆ. ನಡುವಿನಿಂದ ಹೊರಗೆ ಚಿಮ್ಮಿದಂಥ ಎಣ್ಣೆ ಗೆರೆಗಳು ಕಂಡರೂ ಅಷ್ಟೇ. ಇದು ಕೂರುವುದು ವಾಟರ್ ಪಂಪಿನ ಮೇಲೆ, ಭಾರವೂ ಜಾಸ್ತಿ, ಆದ್ದರಿಂದ ಪಂಪಿನ ಬೇರಿಂಗ್ ಆಡುತ್ತಿದ್ದರೆ ಮೊದಲು ಪಂಪ್ ಬದಲಿಸಿ.

ಎಲೆಕ್ಟ್ರಿಕ್ ಫ್ಯಾನ್ ಕೆಟ್ಟದ್ದಲ್ಲ. ಗಾಡಿ ನಿಂತಿದ್ದರೂ ಪೂರ್ತಿ ಗಾಳಿ ಕೊಡುತ್ತದೆ, ಎಂಜಿನ್ ಆಫ್ ಆದ ಮೇಲೂ ಓಡಿಸಬಹುದು, ನೀರು ದಾಟುವಾಗ ನಿಲ್ಲಿಸಬಹುದು. ಆದರೆ ಅದು ಒಂಟಿಯಾಗಿ ಬರುವುದಿಲ್ಲ. ದೊಡ್ಡ ಜೋಡಿ ಫ್ಯಾನ್ 25–30 ಆಂಪ್ಸ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ. ಬ್ಯಾಟರಿ ಚಾರ್ಜ್ ಮಾಡುವ ಹಳೆ ಜನರೇಟರ್ ಕೊಡುವುದೇ ಒಟ್ಟು 30–35, ಅದೂ ಐಡಲ್‌ನಲ್ಲಿ ಏನೂ ಇಲ್ಲ ಅನ್ನುವಷ್ಟು ಕಡಿಮೆ. ಫ್ಯಾನ್ ಬೇಕಾಗುವುದು ಆವಾಗಲೇ ಅಲ್ವಾ? ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ನಿಂತಿದ್ದಾಗ ಫ್ಯಾನ್ ಶುರುವಾದರೆ ಬೆಳಕು ಕುಗ್ಗುತ್ತದೆ, ಆಂಪ್ ಮೀಟರ್ ಮುಳ್ಳು ಡಿಸ್ಚಾರ್ಜ್ ಕಡೆ ವಾಲುತ್ತದೆ. ಹಾಗಾಗಿ ಜನರೇಟರ್ ಜಾಗಕ್ಕೆ ದೊಡ್ಡ ಆಲ್ಟರ್ನೇಟರ್, ದಪ್ಪ ವೈರ್, ರಿಲೇ, ಫ್ಯೂಸ್ ಎಲ್ಲವನ್ನೂ ಸೇರಿಸಿ ಖರ್ಚು ಲೆಕ್ಕ ಹಾಕಿ.

ಸ್ವಿಚ್ ಸೆಟ್ ಮಾಡುವಾಗ ಗಮನವಿರಲಿ. ಎಂಜಿನ್ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ಬಿಡುವ ವಾಲ್ವ್) 82 ಡಿಗ್ರಿಯದ್ದಾದರೆ ಫ್ಯಾನ್ 93ರ ಹತ್ತಿರ ಆನ್ ಆಗಿ 85ರ ಹತ್ತಿರ ಆಫ್ ಆಗಬೇಕು. ಸೆನ್ಸರ್ ಎಂಜಿನ್ ಕಡೆ ಇದ್ದು ಆಫ್ ಆಗುವ ಡಿಗ್ರಿ 82ಕ್ಕಿಂತ ಕೆಳಗಿದ್ದರೆ ಫ್ಯಾನ್ ನಿಲ್ಲುವುದೇ ಇಲ್ಲ. ಫ್ಯಾನನ್ನು ರೇಡಿಯೇಟರ್ ಹಿಂದೆ, ಗಾಳಿ ಎಳೆಯುವ ಹಾಗೆ ಹಾಕಿ. ಮುಂದೆ ಹಾಕಿದರೆ ಹೈವೇಯಲ್ಲಿ ಅದೇ ಗಾಳಿಗೆ ಅಡ್ಡ. ರೇಡಿಯೇಟರಿನ ಜಾಳಿಯ ಮೂಲಕ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಬಿಗಿಯುವ ಪದ್ಧತಿಯಂತೂ ಬೇಡವೇ ಬೇಡ, ಅಲುಗಾಟಕ್ಕೆ ಟ್ಯೂಬ್ ಸವೆದು ರೇಡಿಯೇಟರ್ ಸೋರುತ್ತದೆ.

ಕ್ಲಚ್ ಫ್ಯಾನ್ ಎಲ್ಲ ಟ್ರಕ್ಕಿಗೂ ಕೂರುವುದಿಲ್ಲ, ಅದರ ಉದ್ದ ಜಾಸ್ತಿ. ಆರ್ಡರ್ ಮಾಡುವ ಮೊದಲು ಪಂಪಿನ ಹಬ್‌ನಿಂದ ರೇಡಿಯೇಟರ್ ಜಾಳಿಗೆ ಟೇಪ್ ಹಿಡಿದು ಅಳೆಯಿರಿ. ಕ್ಲಚ್ ಮತ್ತು ಫ್ಯಾನ್ ಸೇರಿದ ಉದ್ದ ಕಳೆದು ಮುಂದೆ ಒಂದಿಂಚಾದರೂ ಉಳಿದರೆ ಕ್ಲಚ್ ಹಾಕಿ. ಉಳಿಯದಿದ್ದರೆ ತೆಳ್ಳಗಿನ ಎಲೆಕ್ಟ್ರಿಕ್ ಫ್ಯಾನ್, ಜೊತೆಗೆ ಹೊಸ ಆಲ್ಟರ್ನೇಟರ್.