ಗಟ್ಟಿ ವೈರಿಗೆ ಎಳೆ ವೈರು ಸೇರಿಸಲು ವಾಗೊ 221 ಕನೆಕ್ಟರ್

ಗೋಡೆಯೊಳಗಿಂದ ಬಂದಿರುವುದು ಒಂಟಿ ಎಳೆಯ ಗಟ್ಟಿ ತಾಮ್ರದ ವೈರು. ಹೊಸ ದೀಪದಿಂದ ಇಳಿದಿರುವುದು ಕೂದಲಿನಂಥ ಎಳೆಗಳ ಮೆತ್ತನೆಯ ವೈರು. ಇವನ್ನು ಹೊಸೆದು ಟೇಪ್ ಸುತ್ತಿದರೆ ಮೆತ್ತನೆಯದು ಗಟ್ಟಿಯದಕ್ಕೆ ಸುತ್ತಿಕೊಳ್ಳುತ್ತದೆಯೇ ಹೊರತು ಎರಡೂ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳುವುದಿಲ್ಲ. ನಮ್ಮ ಮನೆಯಲ್ಲಿ ಅಂಥ ಒಂದು ಜಾಯಿಂಟ್ ಬಿಚ್ಚಿದಾಗ ಟೇಪಿನ ಅಂಟು ಕರಗಿ, ವೈರಿನ ಹೊದಿಕೆ ಕಂದು ಬಣ್ಣಕ್ಕೆ ತಿರುಗಿತ್ತು.

ಆ ಜಾಗಕ್ಕೆ ನಾನು ಹಾಕಿದ್ದು ವಾಗೊ ಕಂಪನಿಯ 221 ಸರಣಿಯ ಮೂರು ತೂತಿನ ಕನೆಕ್ಟರ್. ಪ್ರತಿ ವೈರಿಗೂ ಬೇರೆ ತೂತು, ಬೇರೆ ಸ್ಪ್ರಿಂಗ್ ಇರುವುದರಿಂದ ಒಂದರ ದಪ್ಪ ಇನ್ನೊಂದರ ಹಿಡಿತವನ್ನು ಸಡಿಲಿಸುವುದಿಲ್ಲ. 4 ಚದರ ಮಿ.ಮೀ. ವರೆಗಿನ ವೈರನ್ನು ಇದು ಹಿಡಿಯುತ್ತದೆ. ಮೇನ್ ಆಫ್ ಮಾಡಿ, ಕರೆಂಟ್ ಇಲ್ಲವೆಂದು ಟೆಸ್ಟರ್‌ನಿಂದ ಖಚಿತಪಡಿಸಿಕೊಂಡ ಮೇಲೆ, 11 ಮಿ.ಮೀ. ಹೊದಿಕೆ ಸುಲಿದು, ಕಿತ್ತಳೆ ಬಣ್ಣದ ಲಿವರ್ ಎತ್ತಿ, ವೈರನ್ನು ಕೊನೆಯವರೆಗೆ ತಳ್ಳಿ ಲಿವರ್ ಒತ್ತಬೇಕು. ಮೈ ಪಾರದರ್ಶಕವಾಗಿರುವುದರಿಂದ ತಾಮ್ರದ ತುದಿ ಒಳಗೆ ತಲುಪಿರುವುದು ಕಣ್ಣಿಗೆ ಕಾಣುತ್ತದೆ. ನನಗೆ ಇದರ ಎಲ್ಲಕ್ಕಿಂತ ದೊಡ್ಡ ಗುಣ ಅದೇ. ಆದರೂ ಒಂದೊಂದು ವೈರನ್ನೂ ಒಮ್ಮೆ ಜಗ್ಗಿ ನೋಡಿಯೇ ಬಾಕ್ಸ್ ಮುಚ್ಚಿ. ಆಳವಿಲ್ಲದ ಬಾಕ್ಸಿನಲ್ಲಿ ಮೂರು ಕನೆಕ್ಟರ್ ಕೂರಿಸುವುದು ಕಷ್ಟ ಎಂಬುದು ನಿಜವಾದ ಕೊರತೆ.

ದಪ್ಪ ಬೇರೆಯಾದಾಗ ಕನೆಕ್ಟರ್ ಒಂದೇ ಸಾಲದು: 2.5 ಚದರ ಮಿ.ಮೀ. ವೈರಿಗೆ 1.5ರದ್ದು ಸೇರಿಸಿದರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ತೆಳ್ಳಗಿನ ವೈರಿಗೆ ತಕ್ಕದ್ದಾಗಿರಬೇಕು.

ಹಳೆಯ ಅಲ್ಯೂಮಿನಿಯಂ ವೈರಿಗೆ ಮಾತ್ರ ಇದನ್ನು ನಾನು ಬಳಸಲಾರೆ. ಅಲ್ಯೂಮಿನಿಯಂ ಸುಲಿದ ಕೂಡಲೇ ಅದರ ಮೇಲೆ ಕರೆಂಟ್ ಸಲೀಸಾಗಿ ಹರಿಯಲು ಬಿಡದ ಆಕ್ಸೈಡ್ ಪದರ ಕಟ್ಟುತ್ತದೆ. ಬಿಸಿಯಾದಾಗ ಅದು ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಒತ್ತಡದಲ್ಲಿ ನಿಧಾನವಾಗಿ ಚಪ್ಪಟೆಯಾಗುತ್ತದೆ, ತೇವ ಸೇರಿದರೆ ತಾಮ್ರ ತಾಗಿದಲ್ಲಿ ಸವೆಯುತ್ತದೆ. ಅದಕ್ಕೆ ಅಲ್ಯೂಮಿನಿಯಂ–ತಾಮ್ರ ಎರಡಕ್ಕೂ ಒಪ್ಪಿಗೆ ಪಡೆದ ಕನೆಕ್ಟರೇ ಬೇಕು. ನಮ್ಮ ಮನೆಯ ಹಿಂಬದಿಗೆ ಹೋಗುವ ಅಲ್ಯೂಮಿನಿಯಂ ಲೈನನ್ನು ನಾನು ಮುಟ್ಟಿಲ್ಲ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬಂದು ಪೂರ್ತಿ ತಾಮ್ರಕ್ಕೆ ಬದಲಾಯಿಸುವವರೆಗೆ ಅದರ ಎಂಸಿಬಿ ಆಫ್ ಆಗಿಯೇ ಇರುತ್ತದೆ.