ಸ್ಟ್ರಾಬೆರಿ ಕೇಳಿದ ರಿಚರ್ಡ್, ಚೂರಿ ಹಿಡಿದೇ ಬಂದ ಮ್ಯಾಕ್‌ಬೆತ್

ಶೇಕ್ಸ್‌ಪಿಯರನ ಇಬ್ಬರು ಕೊಲೆಗಡುಕ ರಾಜರನ್ನು ಒಬ್ಬರ ಹಿಂದೆ ಒಬ್ಬರಂತೆ ಓದಿದೆ. ‘ಮ್ಯಾಕ್‌ಬೆತ್’ ಒಂದೇ ಸಂಜೆಗೆ ಮುಗಿಯಿತು. ಅವನ ದುರಂತ ನಾಟಕಗಳಲ್ಲೇ ಚಿಕ್ಕದು. ‘ಮೂರನೆಯ ರಿಚರ್ಡ್’ ಒಂಬತ್ತು ದಿನ ಹಿಡಿಯಿತು. ಉದ್ದ ಒಂದು ಕಾರಣ, ಎಡ್ವರ್ಡ್‌ಗಳು ಇನ್ನೊಂದು: ಸಾಯುತ್ತಿರುವ ರಾಜ ಎಡ್ವರ್ಡ್, ಅವನ ಮಗ ಎಡ್ವರ್ಡ್, ನಾಟಕ ಶುರುವಾಗುವ ಮೊದಲೇ ಸತ್ತ ಮತ್ತೊಬ್ಬ ಎಡ್ವರ್ಡ್. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ವಂಶವೃಕ್ಷ ಬರೆದುಕೊಂಡ ಮೇಲೆಯೇ ಯಾರು ಯಾರಿಗೆ ಶಾಪ ಹಾಕುತ್ತಿದ್ದಾರೆಂದು ತಿಳಿದದ್ದು.

ಆದರೆ ರಿಚರ್ಡ್ ಮೋಡಿಗಾರ. ಮೊದಲ ದೃಶ್ಯದಲ್ಲೇ ಒಬ್ಬನೇ ಬಂದು ತನ್ನ ಸಂಚನ್ನೆಲ್ಲ ನಮಗೆ ಹೇಳಿಬಿಡುತ್ತಾನೆ. ಅಲ್ಲಿಂದ ನಾವೂ ಅವನ ಕಡೆಯವರೇ. ಮೂರನೇ ಅಂಕದ ಸಭೆ ನೋಡಿ. ಈಲಿಯ ಬಿಷಪ್ಪನಿಗೆ, ನಿಮ್ಮ ತೋಟದ ಸ್ಟ್ರಾಬೆರಿ ಚೆನ್ನಾಗಿದ್ದವು, ಒಂದಿಷ್ಟು ತರಿಸಿ ಎನ್ನುತ್ತಾನೆ. ಹೊರಗೆ ಹೋಗಿ ಬಂದವನೇ ಒಣಗಿದ ತೋಳು ತೋರಿಸಿ, ಇದು ಮಾಟ ಎಂದು ಅಬ್ಬರಿಸಿ, ಸಭೆಯಲ್ಲೇ ಕೂತಿದ್ದ ಹೇಸ್ಟಿಂಗ್ಸ್ ಎಂಬ ಸರದಾರನ ತಲೆ ಕಣ್ಣಿಗೆ ಬೀಳುವ ತನಕ ಊಟ ಮುಟ್ಟುವುದಿಲ್ಲ ಎಂದು ಎದ್ದು ನಡೆಯುತ್ತಾನೆ. ಓದುತ್ತ ನಕ್ಕುಬಿಟ್ಟೆ. ಆಮೇಲೆ ನಾಚಿಕೆಯಾಯಿತು. (2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕಿಂಗ್ ಅಡಿ ಸಿಕ್ಕ ನಿಜವಾದ ರಿಚರ್ಡನ ಅಸ್ಥಿಪಂಜರದಲ್ಲಿ ಬೆನ್ನುಮೂಳೆ ಡೊಂಕಾಗಿತ್ತು, ತೋಳಿಗೇನೂ ಆಗಿರಲಿಲ್ಲ.)

ಮ್ಯಾಕ್‌ಬೆತ್ ಜೊತೆ ಹಾಗೆ ನಗಲಾಗುವುದಿಲ್ಲ. ರಾಜನನ್ನು ಕೊಂದವನು ಚೂರಿಗಳನ್ನು ಅಲ್ಲೇ ಬಿಡಬೇಕಿತ್ತು. ಕೈಯಲ್ಲಿ ಹಿಡಿದುಕೊಂಡೇ ಬಂದುಬಿಟ್ಟಿದ್ದಾನೆ. ವಾಪಸ್ ಇಟ್ಟು ಬಾ ಎಂದರೆ ಹೋಗಲಾರ, ಹೆಂಡತಿಯೇ ಹೋಗುತ್ತಾಳೆ. ಅವನದು ಒಂದೇ ಕೊರಗು: ‘ಆಮೆನ್’ ಅನ್ನಲು ಹೋದರೆ ಗಂಟಲಲ್ಲೇ ಸಿಕ್ಕಿಕೊಂಡಿತಲ್ಲ. ಅಷ್ಟರಲ್ಲಿ ಬಾಗಿಲು ಬಡಿಯುವ ಸದ್ದು. ಇವನ ಅಂತಃಸಾಕ್ಷಿ ಕೊಲೆಗೆ ಮೊದಲೇ ಎದ್ದು ಕೂತಿರುತ್ತದೆ, ಗೊತ್ತಿದ್ದೂ ಮಾಡುತ್ತಾನೆ. ರಿಚರ್ಡನದು ಎಚ್ಚರಾಗುವುದು ಅವನ ಕೊನೆಯ ಯುದ್ಧವಾದ ಬಾಸ್‌ವರ್ತ್‌ನ ಹಿಂದಿನ ರಾತ್ರಿ, ಸತ್ತವರೆಲ್ಲ ಸಾಲಾಗಿ ಕನಸಿಗೆ ಬಂದಾಗ.

ಎರಡರಲ್ಲೂ ಎಳೆತ ಉಂಟು. ಮ್ಯಾಕ್‌ಬೆತ್‌ನಲ್ಲಿ ಕೊಲೆಯಾದ ರಾಜನ ಮಗ ಮಾಲ್ಕಮ್ ತನಗಿಲ್ಲದ ದುರ್ಗುಣಗಳನ್ನು ಪಟ್ಟಿ ಮಾಡುವಾಗ ನನಗೆ ತೂಕಡಿಕೆ ಬಂತು. ಕಿರೀಟ ಸಿಕ್ಕ ಮೇಲಿನ ರಿಚರ್ಡ್ ಇನ್ನೂ ಸಪ್ಪೆ, ಚೇಷ್ಟೆಯೇ ಹೋಗಿರುತ್ತದೆ. ಬಿ.ವಿ. ಕಾರಂತರು ಯಕ್ಷಗಾನದ ಶೈಲಿಗೆ ತಂದದ್ದು (‘ಬರ್ನಂ ವನ’, 1979) ಮ್ಯಾಕ್‌ಬೆತ್ತನ್ನೇ. ಮಾಟಗಾತಿಯರೂ ನಡೆದು ಬರುವ ಕಾಡೂ ಇರುವಾಗ ಇನ್ನೇನು ಬೇಕು!

ಒಂದನ್ನೇ ಓದುವುದಾದರೆ ಮ್ಯಾಕ್‌ಬೆತ್. ರಿಚರ್ಡ್ ಬೇಕೆಂದರೆ ಮೊದಲ ಮೂರು ಅಂಕ ಓದಿ, ನಾಲ್ಕನೆಯದನ್ನು ಹಾರಿಸಿ, ನೇರ ಬಾಸ್‌ವರ್ತ್‌ಗೆ ಹೋಗಿ. ವಂಶವೃಕ್ಷವನ್ನು ಮಾತ್ರ ಮೊದಲೇ ಬರೆದಿಟ್ಟುಕೊಳ್ಳಿ.