ಡಕ್ಟಿನ ಮೇಲೆ ಟೋಪಿ ಹಾಕಿಸೋ ಮೊದಲು ಇದನ್ನ ಓದಿ, ನಾನು ಮೋಸ ಹೋದೆ

ಟೆರೇಸಿನ ಡಕ್ಟಿಗೆ, ಅಂದರೆ ಒಳಗಿನ ಗಾಳಿ, ಹೊಗೆ ಮೇಲೆ ಹೋಗೋ ಪೈಪಿಗೆ, ತಗಡಿನ ಟೋಪಿ ಹಾಕಿಸಬೇಕು ಅಂತ ಇರೋರು ದಯವಿಟ್ಟು ಇದನ್ನ ಓದಿ. ಕೆಲವರು ಇದಕ್ಕೆ ಕೌಲ್ ಅಂತಾರೆ, ನಮ್ಮ ಕಡೆ ಟೋಪಿ ಅಂದರೇ ಎಲ್ಲರಿಗೂ ಗೊತ್ತಾಗುತ್ತೆ. 16,500 ರೂಪಾಯಿ ಕೊಟ್ಟು ಮೂರು ಟೋಪಿ ಹಾಕಿಸಿದೆ. ಒಂದೂ ಸರಿ ಇಲ್ಲ. ಮಳೆನೂ ಒಳಗೆ ಬಂತು, ಗಾಳಿನೂ ಹೊರಗೆ ಹೋಗಲಿಲ್ಲ.

ನಮ್ಮದು ಕಲಬುರಗಿಯಲ್ಲಿ ಜೇವರ್ಗಿ ರಸ್ತೆ ಕಡೆ ಹೆಣ್ಣುಮಕ್ಕಳ ಪಿಜಿ. ಮೂರು ಮಹಡಿ. ಬಾತ್‌ರೂಮುಗಳಿಗೆ ಎರಡು ಡಕ್ಟ್, ಅಡುಗೆಮನೆ ಹೊಗೆಗೆ ಒಂದು. ಮೇಲೆ ಸ್ಲ್ಯಾಬಿನಲ್ಲಿ 12 ಇಂಚಿನ ಪೈಪು ಬಾಯಿ ತೆರೆದುಕೊಂಡೇ ಇತ್ತು. ಪಾರಿವಾಳ ಒಳಗೆ ಗೂಡು ಕಟ್ಟಿ, ಪುಕ್ಕ, ಹಿಕ್ಕೆ ಎಲ್ಲ ಕೆಳಗೆ ಬೀಳುತ್ತಿತ್ತು. ಹುಡುಗಿಯರು ಎಷ್ಟು ಸಲ ಹೇಳಿದ್ದರು. ಏಪ್ರಿಲ್‌ನಲ್ಲಿ ಒಬ್ಬ ಫ್ಯಾಬ್ರಿಕೇಶನ್‌ನವನನ್ನ ಕರೆಸಿದೆ. ಹೆಸರು ಹಾಕಲ್ಲ. ಅವನು ಟೆರೇಸ್ ಹತ್ತಿ, ಪೈಪಿಗೆ ಟೇಪು ಹಿಡಿದು, "ಅಕ್ಕಾರ, 22 ಗೇಜಿನ ಜಿಐ ತಗಡು ಹಾಕ್ತೀನ್ರಿ, ಹತ್ತು ವರ್ಷ ಏನೂ ಆಗಂಗಿಲ್ಲ" ಅಂದ. ಗೇಜ್ ಅಂದರೆ ತಗಡಿನ ದಪ್ಪದ ನಂಬರ್, ಜಿಐ ಅಂದರೆ ಸತುವಿನ ಲೇಪನ ಇರೋ ಕಬ್ಬಿಣ. ನಾನು ನಂಬಿದೆ. ಅಷ್ಟೇ ಅಲ್ಲ, ಊರಿಂದ ಬಂದ ತಂದೆ-ತಾಯಿಗಳ ಮುಂದೆ "ಈ ಸಲ ವಾಸನೆ ಇಲ್ಲ, ಸೋರೋದೂ ಇಲ್ಲ" ಅಂತ ನಾನೇ ಹೇಳಿಕೊಂಡೆ. ಆ ಮಾತು ಈಗಲೂ ಚುಚ್ಚುತ್ತೆ.

ಒಂದೇ ದಿನದಲ್ಲಿ ಮೂರೂ ಕೂರಿಸಿ ಹೋದ. ಆ ದಿನ ಟೆರೇಸ್ ತುಂಬಾ ವಿನೆಗರ್ ಥರ ಘಾಟು. ಏನಪ್ಪಾ ಇದು ಅಂದರೆ "ಸಿಲಿಕಾನ್ ವಾಸನಿ ಅದ ರೀ, ಹೋಗ್ತದ" ಅಂದ. ನೀರು ಇಳಿಯದ ಹಾಗೆ ಸಂದಿಗೆ ಹಚ್ಚೋ ಅಂಟು ಅದು. ಸಂಜೆಗೆ ಪೂರ್ತಿ ದುಡ್ಡು ಕೊಟ್ಟೆ. ಪೂರ್ತಿ! ಒಂದು ಹನಿ ಮಳೆ ನೋಡದೆ.

ಮೇ ತಿಂಗಳಲ್ಲೇ ಅನುಮಾನ ಬರಬೇಕಿತ್ತು. ಒಗ್ಗರಣೆ ಹಾಕಿದರೆ ಹೊಗೆ ವಾಪಸ್ ಅಡುಗೆಮನೆಗೇ ಬರುತ್ತಿತ್ತು. ಅಡುಗೆಯವರು ಕಣ್ಣು ಒರೆಸಿಕೊಂಡು ರೊಟ್ಟಿ ಬಡಿಯುತ್ತಿದ್ದರು. ಫೋನ್ ಮಾಡಿದರೆ "ಫ್ಯಾನ್ ಹಳೇದಾಗ್ಯಾದ್ರಿ, ಅದನ್ನ ಬದಲು ಮಾಡ್ರಿ". ಫ್ಯಾನಿನವನನ್ನ ಕರೆಸಿದೆ. ಫ್ಯಾನ್ ಸರಿ ಇದೆ ಅಂತ 300 ರೂಪಾಯಿ ತಗೊಂಡು ಹೋದ.

ಆಮೇಲೆ ಮಿರಗದ ಮಳೆ ಬಂತು. ನಮ್ಮ ಕಡೆ ಜೂನ್ ಮಳೆ ಪಡುವಣದ ಗಾಳಿ ಜೊತೆ ಬರುತ್ತೆ, ನೆಟ್ಟಗೆ ಬೀಳಲ್ಲ, ಎರಚಲು ಹೊಡೆಯುತ್ತೆ. ರಾತ್ರಿ ಹನ್ನೊಂದಕ್ಕೆ ಮೇಲಿನ ಮಹಡಿ ಹುಡುಗಿ ಓಡಿ ಬಂದು "ಆಂಟಿ, ಬಾತ್‌ರೂಮಿನ ಫಾಲ್ಸ್ ಸೀಲಿಂಗ್‌ನಿಂದ ನೀರು ಸುರೀಲಕತ್ತದ" ಅಂದಳು. ಹೋಗಿ ನೋಡಿದರೆ ಲೈಟಿನ ಸುತ್ತಲೂ ನೀರು. ಮೊದಲು ಮೇನ್ ಸ್ವಿಚ್ ಆಫ್ ಮಾಡಿಸಿದೆ. ಇಪ್ಪತ್ತೆರಡು ಹುಡುಗಿಯರು ಕತ್ತಲಲ್ಲಿ, ಅದರಲ್ಲಿ ನಾಲ್ಕು ಜನಕ್ಕೆ ಬೆಳಿಗ್ಗೆ ಪರೀಕ್ಷೆ.

ಬೆಳಿಗ್ಗೆ ಟೆರೇಸಿಗೆ ಹೋದೆ. ಟೋಪಿ ನೋಡೋಕೆ ಮಾತ್ರ ಹೊಳೆಯುತ್ತಾ ನಿಂತಿತ್ತು. ಬುಡದ ಹತ್ತಿರ ಕೂತು ಸಿಲಿಕಾನ್ ಪಟ್ಟಿಯನ್ನ ಉಗುರಿನಿಂದ ಸ್ವಲ್ಪ ಎತ್ತಿದೆ. ಹಾಲಿನ ಕೆನೆ ಎತ್ತಿದ ಹಾಗೆ ಪೂರ್ತಿ ಕೈಗೆ ಬಂತು. ಕೆಳಗೆ ಬಿಳಿ ಪುಡಿ, ಪಕ್ಕದಲ್ಲಿ ಆಗಲೇ ತುಕ್ಕಿನ ಗೆರೆ. ಎರಡು ತಿಂಗಳಿಗೆ! ಸ್ಕ್ರೂ ಕೆಳಗೆ ರಬ್ಬರ್ ವಾಷರ್ ಇಲ್ಲ. ಟೋಪಿಯ ಅಂಚನ್ನ ಹೆಬ್ಬೆರಳಲ್ಲಿ ಒತ್ತಿದೆ, ಎಣ್ಣೆ ಡಬ್ಬಿ ತಗಡಿನ ಹಾಗೆ ಒಳಗೆ ಹೋಯಿತು. ಅಲ್ಲೇ ಕೂತುಬಿಟ್ಟೆ. ಬಿಲ್ಲಲ್ಲಿ 22 ಗೇಜ್ ಅಂತ ಬರೆದ ಸಾಲು ಕಣ್ಣ ಮುಂದೆ ಬಂತು. ನಾನು ಮೋಸ ಹೋಗಿದ್ದೀನಿ ಅಂತ ಗೊತ್ತಾದದ್ದು ಆಗಲೇ.

ಅವನ ಉತ್ತರಗಳನ್ನ ಇದ್ದ ಹಾಗೇ ಹಾಕ್ತೀನಿ. ಮೊದಲ ಸಲ: "ಮೊದಲನೇ ಮಳಿ ಅಲ್ರೀ, ಸಿಲಿಕಾನ್ ಇನ್ನೂ ಸೆಟ್ ಆಗಿಲ್ಲ." ಏಪ್ರಿಲ್‌ನಲ್ಲಿ ಹಾಕಿದ್ದು, 42 ಡಿಗ್ರಿ ಬಿಸಿಲಲ್ಲಿ ಕಾದದ್ದು, ಜೂನ್‌ವರೆಗೂ ಸೆಟ್ ಆಗಿಲ್ಲವಂತೆ. ಎರಡನೇ ಸಲ: "ನಿಮ್ಮ ಸ್ಲ್ಯಾಬಿನ ಇಳಿಜಾರು ಸರಿ ಇಲ್ರಿ." ಸರಿ ಇಲ್ಲ ಅಂದರೆ ಹಾಕೋವಾಗ ಹೇಳಬೇಕಿತ್ತಲ್ವಾ? ಮೂರನೇ ಸಲ ಫೋಟೋ ಕಳಿಸಿದೆ. ನೋಡಿದ, ನಾಲ್ಕು ಗಂಟೆ ಸುಮ್ಮನಿದ್ದ. ಆಮೇಲೆ ವಾಯ್ಸ್ ಮೆಸೇಜ್: "ಬಿಲ್ಲಿನಾಗ ವಾಟರ್‌ಪ್ರೂಫ್ ಅಂತ ಬರ್ದೀನೇನ್ರಿ? ಟೋಪಿ ಫಿಟ್ಟಿಂಗ್ ಅಂತ ಬರ್ದೀನಿ. ಫಿಟ್ ಮಾಡೀನಿ. ಬೇಕಂದ್ರ ತಿರುಗೋ ಟರ್ಬೋ ಹಾಕ್ಸ್ರಿ, ಒಂದಕ್ಕ ಇನ್ನ ನಾಕು ಸಾವಿರ ಆಗ್ತದ." ನಾನು ಜೋರು ಮಾಡಿದಾಗ ಕೊನೆಗೆ ಹೇಳಿದ್ದು: "ಮನ್ಯಾಗ ಗಂಡಸರಿದ್ರ ಫೋನ್ ಕೊಡ್ರಿ, ನಿಮಗ ತಿಳಿಯಂಗಿಲ್ಲ."

ತಿಳಿಯಲ್ವಂತೆ. ತಿಳಿದುಕೊಂಡೆ.

ಪಕ್ಕದ ಓಣಿಯಲ್ಲಿ ತಗಡಿನ ಕೆಲಸ ಮಾಡೋ ಒಬ್ಬ ಕಾಕಾ ಇದ್ದಾರೆ, ಕೂಲರ್ ಬಾಡಿ ಎಲ್ಲ ಮಾಡ್ತಾರೆ. ಅವರನ್ನ ಕರೆದುಕೊಂಡು ಬಂದೆ. ಅಳತೆ ಹಿಡಿದು ನೋಡಿದರು, 28 ಗೇಜ್. ನಂಬರ್ ಜಾಸ್ತಿ ಆದಷ್ಟು ತಗಡು ತೆಳು. 22 ಅಂದರೆ ಸುಮಾರು 0.7 ಮಿಲಿಮೀಟರ್, 28 ಅಂದರೆ ಸುಮಾರು 0.4. ಹೆಚ್ಚುಕಡಿಮೆ ಅರ್ಧ. ಆ ಹುಳಿ ವಾಸನೆಯ ಸಿಲಿಕಾನ್ ಜಿಐಗೂ ಸಿಮೆಂಟಿಗೂ ಆಗಿಬರಲ್ಲ, ಅದರ ಆಮ್ಲ ಸತುವಿನ ಲೇಪನವನ್ನ ತಿನ್ನುತ್ತೆ ಅಂದರು. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕಾನ್ ಬೇರೆ ಇದೆಯಂತೆ, ರೇಟು ಸ್ವಲ್ಪ ಜಾಸ್ತಿ.

ಹೊಗೆ ವಾಪಸ್ ಬಂದದ್ದಕ್ಕೆ ಕಾರಣ ಕೇಳಿದರೆ ಇನ್ನೂ ಸಿಟ್ಟು ಬರುತ್ತೆ. ಪೈಪಿನ ಬಾಯಿಗೂ ಟೋಪಿಗೂ ನಡುವೆ ಒಂದೂವರೆ ಇಂಚು ಮಾತ್ರ ಜಾಗ ಬಿಟ್ಟಿದ್ದ. 12 ಇಂಚಿನ ಪೈಪಲ್ಲಿ ಬರೋ ಗಾಳಿ ಸುತ್ತಲೂ ಹೊರಗೆ ಹೋಗೋಕೆ ಪೈಪಿನ ಅಗಲದ ಕಾಲು ಭಾಗ, ಅಂದರೆ 3 ಇಂಚಾದರೂ ಬೇಕು. ಮನೆಗೆ ಬಂದು ನಾನೇ ಲೆಕ್ಕ ಹಾಕಿದೆ. ಪೈಪಿನ ಬಾಯಿ 113 ಚದರ ಇಂಚು, ಅವನು ಬಿಟ್ಟ ಸಂದು 57. ಅದರ ಮೇಲೆ ಜಾಲರಿ ಬೇರೆ. ಜಾಲರಿ ಇದ್ದರೆ 5-6 ಇಂಚು ಬಿಡಬೇಕು. ಅವನು ಹಾಕಿದ್ದು ಸೊಳ್ಳೆ ಜಾಲರಿ! ಅಡುಗೆಮನೆ ಡಕ್ಟಿಗೆ! ಎಣ್ಣೆ ಜಿಡ್ಡು ಹಳದಿ ಮೇಣದ ಹಾಗೆ ಕೂತು ಒಂದು ತೂತೂ ಕಾಣುತ್ತಿರಲಿಲ್ಲ. ಪಾರಿವಾಳ ತಡೆಯೋಕೆ ಅರ್ಧ ಇಂಚಿನ ಜಾಲರಿ ಸಾಕು.

ಬುಡದ ಕಥೆನೂ ಅಷ್ಟೇ. ಪೈಪಿನ ಸುತ್ತ ಅರ್ಧ ಅಡಿ ಇಟ್ಟಿಗೆ ಕಟ್ಟೆ ಕಟ್ಟಿ, ಪ್ಲಾಸ್ಟರ್ ಮಾಡಿ, ತಗಡಿನ ಅಂಚು ಆ ಕಟ್ಟೆಯ ಹೊರಗಿನಿಂದ ಕೆಳಗೆ ಇಳಿಯಬೇಕು, ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ. ಆಗ ಸಿಲಿಕಾನ್ ಬಿಟ್ಟರೂ ನೀರು ಹೊರಗೇ ಬೀಳುತ್ತೆ. ಇವನು ಸ್ಲ್ಯಾಬಿನ ಮೇಲೆ ತಗಡನ್ನ ಚಪ್ಪಟೆಯಾಗಿ ಇಟ್ಟು ಅಂಟಿಸಿದ್ದ. ಹಗಲು ಕಾದು ಹಿಗ್ಗೋದು, ರಾತ್ರಿ ಕುಗ್ಗೋದು, ಆ ಅಂಟು ಎಷ್ಟು ದಿನ ನಿಲ್ಲುತ್ತೆ?

ಕೂರಿಸೋ ದಿನ ಸ್ಕೇಲ್ ಹಿಡಿದು ನೀವೇ ಮೇಲೆ ನಿಲ್ಲಿ. ಗೇಜ್, ಕಟ್ಟೆ, ಸೋರಬಾರದು ಅನ್ನೋ ಮಾತು, ಎಲ್ಲ ಬಿಲ್ಲಲ್ಲಿ ಬರೆಸಿ. ನೀರಿನ ಪೈಪು ಹಿಡಿದು ಟೋಪಿಗೆ ಓರೆಯಾಗಿ ನೀರು ಹೊಡೆಸಿ ನೋಡಿ. ಅರ್ಧ ದುಡ್ಡು ಮೊದಲ ಜೋರು ಮಳೆ ಆಗೋವರೆಗೂ ಕೊಡಬೇಡಿ, ಅಣ್ಣಾ ಅಂದರೂ ಅಕ್ಕಾ ಅಂದರೂ ಕೊಡಬೇಡಿ.

ಬಾತ್‌ರೂಮಿನ ಎರಡನ್ನೂ ಕಾಕಾ ಕಟ್ಟೆ ಕಟ್ಟಿಸಿ ಹೊಸದಾಗಿ ಮಾಡಿಕೊಟ್ಟಿದ್ದಾರೆ, ಓರೆ ಪಟ್ಟಿ ಇರೋ ಟೋಪಿ. ಎರಡು ಮಳೆ ಆಯಿತು, ಒಳಗೆ ಒಣಗಿದೆ. ಅಡುಗೆಮನೆಗೆ ಟೋಪಿನೇ ಬೇಡ ಅಂದಿದ್ದಾರೆ. ಹೊಗೆ ನೆಟ್ಟಗೆ ಮೇಲೆ ಹೋಗಲಿ ಅಂತ, ಪೈಪಿನ ಸುತ್ತ ಒಂದಿಂಚು ದೊಡ್ಡದಾದ ನಾಲ್ಕಡಿ ಎತ್ತರದ ಪೈಪು ನಿಲ್ಲಿಸ್ತಾರಂತೆ. ಓರೆ ಮಳೆ ಅದರ ಗೋಡೆಗೆ ಬಡಿದು ನಡುವಿನ ಸಂದಿಯಿಂದ ಹೊರಗೆ ಇಳಿಯುತ್ತೆ. ತಗಡು ತರೋಕೆ ಮುಂದಿನ ತಿಂಗಳ ಬಾಡಿಗೆ ಬರಬೇಕು, ಅಲ್ಲಿವರೆಗೂ ಮಳೆ ಬಂದಾಗ ತಾಡಪತ್ರಿ ಕಟ್ಟಿ ಒಲೆ ಆರಿಸ್ತಾ ಇದ್ದೀವಿ. ಹಳೇ ಮೂರು ಟೋಪಿ ಟೆರೇಸಿನ ಮೂಲೆಯಲ್ಲಿ ಹಾಗೇ ಇಟ್ಟಿದ್ದೀನಿ. ಹೊಸದಾಗಿ ಮಾಡಿಸೋರು ಯಾರಾದರೂ ಬಂದರೆ ಮೇಲೆ ಕರೆದುಕೊಂಡು ಹೋಗಿ ತೋರಿಸ್ತೀನಿ, ಒತ್ತಿ ನೋಡಿ.